ಮಾಜಿ ಗೈಡ್‌ಗಳ ಸಂಘಗಳು

ಬಾಲ್ಯದಲ್ಲಿ ಗೈಡ್ ದಳದಲ್ಲಿದ್ದವರು ದೊಡ್ಡವರಾದ ಮೇಲೂ ಚಳವಳಿಯ ನಂಟು ಉಳಿಸಿಕೊಳ್ಳಲು ಕಟ್ಟಿಕೊಂಡ ಸಂಘಗಳಲ್ಲಿ ಬ್ರಿಟನ್ನಿನ ಟ್ರೆಫಾಯಿಲ್ ಗಿಲ್ಡ್ ಹೆಸರುವಾಸಿ. ಗೈಡ್ ಚಳವಳಿ ಅಲ್ಲಿ 1910ರಲ್ಲಿ ಸಂಸ್ಥೆಯ ರೂಪ ಪಡೆಯಿತು. ಮೊದಲ ತಲೆಮಾರಿನ ಗೈಡ್‌ಗಳು ಉದ್ಯೋಗ, ಸಂಸಾರ ಎಂದು ಚದುರಿದಂತೆ ಹಳೆಯ ಗೈಡ್‌ಗಳ ಕೂಟಗಳು ಬೆಳೆದವು. ಎರಡನೇ ಮಹಾಯುದ್ಧದ ನಡುವೆಯೇ, 1943ರಲ್ಲಿ, ಗಿಲ್ಡ್ ಸ್ಥಾಪನೆಯಾಯಿತು. ಗೈಡ್‌ಗಳ ಮೂರೆಲೆಯ ಬ್ಯಾಡ್ಜ್ ಅದರ ಹೆಸರಿಗೆ ಮೂಲ. ಒಂದೊಂದು ಎಲೆಯೂ ಪ್ರತಿಜ್ಞೆಯ ಒಂದೊಂದು ಭಾಗವನ್ನು ಸೂಚಿಸುತ್ತದೆ. ಮಕ್ಕಳ ದಳ ನಡೆಸುವ ಹೊಣೆ ಇಲ್ಲದೆಯೂ ಸೇವೆ, ಸ್ನೇಹ, ಕಲಿಕೆಗೆ ಅವಕಾಶ ಇರುವುದು ಇಂಥ ಸಂಘಗಳ ವಿಶೇಷ. ಹಿಂದೆ ಗೈಡ್ ಆಗಿರದಿದ್ದವರಿಗೂ ಗಿಲ್ಡ್ ಈಗ ತೆರೆದಿದೆ.

1953ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಮಾಜಿ ಸ್ಕೌಟ್ ಮತ್ತು ಗೈಡ್‌ಗಳ ಅಂತರರಾಷ್ಟ್ರೀಯ ಫೆಲೋಶಿಪ್ ರೂಪುಗೊಂಡಿತು. 1996ರಲ್ಲಿ ಅದು ‘ಮಾಜಿ’ ಎಂಬ ಪದ ಬಿಟ್ಟು ಅಂತರರಾಷ್ಟ್ರೀಯ ಸ್ಕೌಟ್ ಮತ್ತು ಗೈಡ್ ಫೆಲೋಶಿಪ್ ಆಯಿತು. ಭಾರತವೂ ಅದರ ಸದಸ್ಯ ದೇಶ.

ಭಾರತದ ಮೊದಲ ಗೈಡ್ ದಳ 1911ರಲ್ಲಿ ಜಬಲ್ಪುರದಲ್ಲಿ ಆರಂಭವಾಯಿತು. ಮೊದಮೊದಲು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗಿಯರಿಗೆ ಮಾತ್ರ ಪ್ರವೇಶವಿತ್ತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಾಪನೆಯಾಯಿತು. ಗರ್ಲ್ ಗೈಡ್ಸ್ ಸಂಸ್ಥೆ 1951ರಲ್ಲಿ ಅದರಲ್ಲಿ ವಿಲೀನವಾಯಿತು. ಈ ಸಂಸ್ಥೆಯಲ್ಲಿ ಪುಟ್ಟ ಹುಡುಗಿಯರು ಬುಲ್‌ಬುಲ್, ನಂತರ ಗೈಡ್, ಆಮೇಲೆ 25ರ ವಯಸ್ಸಿನವರೆಗೆ ರೇಂಜರ್.

ಕರ್ನಾಟಕದಲ್ಲಿ ಗೈಡ್ ದಳ ಬಹುಮಟ್ಟಿಗೆ ಶಾಲೆಗೆ ಸೇರಿದ ಚಟುವಟಿಕೆ. ಕಡೂರು, ತರೀಕೆರೆ, ಅಜ್ಜಂಪುರದಂಥ ತಾಲ್ಲೂಕು ಊರುಗಳಲ್ಲಿ ಇದರ ಪರಿಣಾಮ ದೊಡ್ಡದು: ಎಸ್ಸೆಸ್ಸೆಲ್ಸಿ ಮುಗಿದು ಹುಡುಗಿ ಶಾಲೆ ಬಿಟ್ಟಳೆಂದರೆ ದಳದ ನಂಟೂ ಸುಲಭವಾಗಿ ಕಡಿದುಹೋಗುತ್ತದೆ, ಕಾಲೇಜಿನಲ್ಲಿ ರೇಂಜರ್ ತಂಡ ಇಲ್ಲದಿದ್ದರೆ ಮುಂದಿನ ದಾರಿಯೇ ಕಾಣುವುದಿಲ್ಲ. ವಯಸ್ಕ ಮಹಿಳೆಗೆ ಹೆಚ್ಚು ಪರಿಚಿತವಾದ ದಾರಿ ದಳವನ್ನು ನಡೆಸುವ ಗೈಡ್ ಕ್ಯಾಪ್ಟನ್ ಆಗುವುದು. ಇದಕ್ಕೆ ಬೇಸಿಕ್, ಅಡ್ವಾನ್ಸ್ಡ್, ಹಿಮಾಲಯ ವುಡ್ ಬ್ಯಾಡ್ಜ್ ಎಂಬ ತರಬೇತಿ ಹಂತಗಳಿವೆ. ಕ್ಯಾಪ್ಟನ್ ಸಾಮಾನ್ಯವಾಗಿ ಶಾಲೆಯ ಶಿಕ್ಷಕಿಯೇ. ಅಂಗಡಿ, ತೋಟ, ಮನೆ ನೋಡಿಕೊಳ್ಳುವ ಮಾಜಿ ಗೈಡ್‌ಗೆ ಈ ಹೊಣೆ ಹೊರಲು ಬಿಡುವಿಲ್ಲದಿರಬಹುದು; ಆದರೆ ಗಂಟು ಕಟ್ಟುವುದು, ಪ್ರಥಮ ಚಿಕಿತ್ಸೆ, ಶಿಬಿರದ ಅಡುಗೆಯ ಅನುಭವ ಅವಳಲ್ಲಿ ಉಳಿದಿರುತ್ತದೆ. ಅಂಥವರನ್ನು ಶಿಬಿರಕ್ಕೂ ಆರೋಗ್ಯ ಕಾರ್ಯಕ್ರಮಕ್ಕೂ ಕರೆತರುವ ಕೆಲಸಕ್ಕೆ ಮೇಲೆ ಹೇಳಿದ ಸ್ಕೌಟ್ ಮತ್ತು ಗೈಡ್ ಫೆಲೋಶಿಪ್‌ನಂಥ ಸಂಘ ಯೋಗ್ಯವಾದ ಏರ್ಪಾಡು.