ಒನ್ಸ್‌ಮೋರ್

ಎರಡು ಇಂಗ್ಲಿಷ್ ಪದಗಳು ಕೂಡಿ ಕನ್ನಡದಲ್ಲಿ ಒಂದೇ ಪದವಾದವು. ಆದರೆ ಹಾಡು ಇನ್ನೊಮ್ಮೆ ಬೇಕೆಂದರೆ ಇಂಗ್ಲಿಷರು ಕೂಗುವುದು ‘ಆಂಕೋರ್’ ಎಂಬ ಫ್ರೆಂಚ್ ಪದವನ್ನು. ಫ್ರೆಂಚರು ‘ಬಿಸ್’ ಎಂಬ ಲ್ಯಾಟಿನ್ನನ್ನು. ಮೆಚ್ಚಿಕೊಳ್ಳಲು ಎಲ್ಲರಿಗೂ ಪರಭಾಷೆಯೇ ಬೇಕೇನೋ!

ನಮ್ಮಲ್ಲಿ ಈ ಪದ ಬೇರೂರಿದ್ದು ಕಂಪನಿ ನಾಟಕಗಳಿಂದ. ಎ.ವಿ. ವರದಾಚಾರ್ಯರಂಥ ಗಾಯಕ ನಟರ ಕಾಲದಲ್ಲಿ ಜನ ನಾಟಕ ನೋಡುವುದಕ್ಕಿಂತ ಕೇಳಲು ಬರುತ್ತಿದ್ದರು. ಮುಂದೆ ನೋಡುವವರಿಗಾಗಿಯೂ 1934ರಲ್ಲಿ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು.

ಹೊಸಕೋಟೆ ಬಳಿಯ ಪಿಲ್ಲಗುಂಪೆಯ ಸುತ್ತ ಈಗ ಕಾರ್ಖಾನೆಗಳೆದ್ದಿವೆ. ಆದರೂ ಆ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಈಗಲೂ ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿಗೇ. ದುರ್ಯೋಧನ ಕಂದಪದ್ಯವೊಂದನ್ನು ಮೇಲುಸ್ಥಾಯಿಯಲ್ಲಿ ಎಳೆದು ನಿಲ್ಲಿಸುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಕತ್ತೆತ್ತುತ್ತಾರೆ. ಶಿಳ್ಳೆಯ ನಡುವೆ ‘ವನ್ಸ್‌ಮೋರು’ ಬೀಳುತ್ತದೆ. ಹೌದು, ಒನ್ಸ್‌ಮೋರ್ ‘ಬೀಳುತ್ತದೆ’, ಅಭಿಮಾನಿಗಳು ಅದನ್ನು ‘ಹೊಡೆಯುತ್ತಾರೆ’, ನಟ ‘ತಗೊಳ್ಳುತ್ತಾನೆ’. ಅಷ್ಟರಲ್ಲಿ ನೆಂಟರು ಹಾರ ಹಿಡಿದು ರಂಗ ಹತ್ತುತ್ತಾರೆ, ಯುದ್ಧ ನಿಲ್ಲುತ್ತದೆ. ಸತ್ತ ಅಭಿಮನ್ಯು ಎದ್ದು ಕೂತು ಇನ್ನೊಮ್ಮೆ ಹಾಡಿದ ತಮಾಷೆಯನ್ನು ಊರೂರಿನವರೂ ತಮ್ಮೂರಿನದೆಂದೇ ಹೇಳುತ್ತಾರೆ.

ಕೊಂಕಿಗೂ ಈ ಪದ ಸಲ್ಲುತ್ತದೆ. ಶ್ರುತಿ ತಪ್ಪಿದವನಿಗೂ ಒನ್ಸ್‌ಮೋರ್ ಬೀಳುವುದುಂಟು; ಪಾಪ, ಅವನು ಅದನ್ನು ನಿಜವೆಂದೇ ನಂಬಿ ಮತ್ತೆ ಹಾಡುತ್ತಾನೆ.

ಹಳ್ಳಿ ನಾಟಕದಲ್ಲಿ ಪಾತ್ರಧಾರಿ ಕೈಯಿಂದ ದುಡ್ಡು ಹಾಕಿ ಪಾತ್ರ ಪಡೆದಿರುತ್ತಾನೆ. ಅವನ ಹಾಡಿಗೆ ಕತ್ತರಿ ಹಾಕುವವರು ಯಾರು? ನಾಟಕ ಉದ್ದವಾಯಿತೆಂದು ಮೇಷ್ಟ್ರನ್ನು ಬೈಯುವ ಮುಂಚೆ, ಒನ್ಸ್‌ಮೋರ್ ಹೊಡೆದವರು ಯಾರೆಂದು ಅಕ್ಕಪಕ್ಕ ನೋಡಿ.