ಎರಡನೆಯ ರಿಮೋಟು

1996ರ ಬೇಸಿಗೆ. ನಮ್ಮ ಬನಹಟ್ಟಿ ಆಗಿನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು ಮರುವರ್ಷ. ಅಪ್ಪ ಜಮಖಂಡಿ ಪ್ಯಾಟಿಯಿಂದ ಒಂದು ಟಿವಿ ಗೇಮ್ ತಂದಿದ್ದ. ಅದು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಫ್ಯಾಮಿಕಾಮ್ ಯಂತ್ರದ ನಕಲು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎರಡು ರಿಮೋಟು ಇದ್ದವು. ಆಟ ಶುರುಮಾಡುವ ಗುಂಡಿ ಮೊದಲನೆಯದಕ್ಕೆ ಮಾತ್ರ. ಅದು ಯಾವಾಗಲೂ ನನ್ನ ಕೈಯಲ್ಲಿ, ಎರಡನೆಯದು ತಮ್ಮನಿಗೆ.

ಆ ಆಟಗಳು ಯಾಕಷ್ಟು ಕಠಿಣವಾಗಿದ್ದವು? ಒಂದು ಕಾರಣ ಜಾಗದ ಬಡತನ. 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟವೆಲ್ಲ ಸೇರಿ 40 ಕಿಲೋಬೈಟ್. ಅಷ್ಟರಲ್ಲಿ ತಿಂಗಳುಗಟ್ಟಲೆ ಆಡಿಸಬೇಕಾದರೆ ಮತ್ತೆ ಮತ್ತೆ ಸಾಯಿಸಲೇಬೇಕು. ಇನ್ನೊಂದು, ನಾಣ್ಯ ಹಾಕಿ ಆಡುವ ಅಂಗಡಿಗಳ ರೂಢಿ. ಅಲ್ಲಿ ಆಟಗಾರ ಬೇಗ ಸತ್ತಷ್ಟೂ ಮಾಲೀಕನಿಗೆ ಲಾಭ. ಕಾಂಟ್ರಾ 1987ರಲ್ಲಿ ಮೊದಲು ಅಂಥ ಅಂಗಡಿಗಳಿಗೇ ಬಂದದ್ದು. ಮರುವರ್ಷ ಮನೆಯ ಯಂತ್ರಕ್ಕೆ ಇಳಿಯಿತು. ನಮ್ಮ ಓಣಿಗೆ ನಾಣ್ಯದ ಲೆಕ್ಕ ಬರಲಿಲ್ಲ, ಕಷ್ಟ ಮಾತ್ರ ಬಂತು. ಆಡಿದ್ದನ್ನು ಉಳಿಸಿಡುವ ಸೌಲಭ್ಯವೂ ಇರಲಿಲ್ಲ. ಕರೆಂಟ್ ಹೋದರೆ ಓಣಿಯ ಪಾವರ್‌ಲೂಮುಗಳ ಸದ್ದು ಒಮ್ಮೆಲೇ ನಿಲ್ಲುತ್ತಿತ್ತು, ನಾವು ಮತ್ತೆ ಮೊದಲನೆಯ ಹಂತಕ್ಕೆ.

ಆದರೆ ಕಷ್ಟ ಎಲ್ಲ ಆಟದಲ್ಲೂ ಒಂದೇ ಬಗೆಯದಲ್ಲ. ಮಾರಿಯೊ ನಮ್ಮ ಬೆರಳಿನ ಮಾತು ಕೇಳುತ್ತಿದ್ದ. ಗುಂಡಿ ಹೆಚ್ಚು ಹೊತ್ತು ಒತ್ತಿದರೆ ಎತ್ತರ ಹಾರುತ್ತಿದ್ದ, ಗಾಳಿಯಲ್ಲಿದ್ದಾಗಲೂ ಅತ್ತಿತ್ತ ಸರಿಯುತ್ತಿದ್ದ. ಮುಧೋಳದ ಮಾವನ ಮಗನಿಂದ ಕಡ ತಂದ ಘೋಸ್ಟ್ಸ್ ಆಂಡ್ ಗಾಬ್ಲಿನ್ಸ್ ಕ್ಯಾಸೆಟ್ಟಿನಲ್ಲಿ ಹಾಗಿರಲಿಲ್ಲ. ಒಮ್ಮೆ ಹಾರಿದರೆ ಮುಗಿಯಿತು, ನಡುವೆ ಮನಸ್ಸು ಬದಲಿಸುವಂತಿಲ್ಲ. ಪೆಟ್ಟು ಬಿದ್ದರೆ ಯೋಧ ಚಡ್ಡಿಯ ಮೇಲೆ ನಿಲ್ಲುತ್ತಿದ್ದ. ನಾವು ನಗುತ್ತಿದ್ದೆವು, ಆದರೆ ಹಾರುವ ಮೊದಲು ಯೋಚಿಸುವುದನ್ನೂ ಕಲಿತೆವು. ಎರಡೂ ನ್ಯಾಯದ ಆಟಗಳೇ. ನಿಯಮ ಬೇರೆ, ಆದರೆ ನಿಯಮ ತಪ್ಪುತ್ತಿರಲಿಲ್ಲ.

ಕಾಂಟ್ರಾದಲ್ಲಿ ಇಬ್ಬರೂ ಒಟ್ಟಿಗೆ ಆಡಬಹುದಿತ್ತು. ಮೂರು ಜೀವ, ಒಂದೇ ಗುಂಡಿಗೆ ಸಾವು. ಮೂರನೆಯ ಹಂತ ಜಲಪಾತ. ಬಂಡೆಯಿಂದ ಬಂಡೆಗೆ ಹಾರಿ ಮೇಲೇರಬೇಕು. ಮುಂದೆ ಹೋದವನ ಜೊತೆ ಪರದೆಯೂ ಮೇಲೆ ಸರಿಯುತ್ತದೆ. ಹಿಂದೆ ಉಳಿದವನು ಕೆಳಗೆ ಬಿದ್ದು ಸಾಯುತ್ತಾನೆ. ನಾನು ದಡದಡ ಏರುತ್ತಿದ್ದೆ. ತಮ್ಮ ಪ್ರತಿ ಸಲ ಅಲ್ಲೇ ಸಾಯುತ್ತಿದ್ದ.

“ಅಣ್ಣಾ, ಗುಂಡಿ ಒತ್ತಿದ್ರೂ ಹಾರವಲ್ದು.”

“ನಿನಗ ಆಡಾಕ ಬರಂಗಿಲ್ಲ. ಸುಮ್ನ ಕುಂದ್ರು.”

ಒಂದು ದಿನ ಅವನು ರಿಮೋಟು ಕೆಳಗಿಟ್ಟು ಎದ್ದುಹೋದ. ಮತ್ತೆ ಆಡಲಿಲ್ಲ. ನಾನೂ ಕರೆಯಲಿಲ್ಲ.

ಆಟ ಮಾಡಿದವರಿಗೂ ಆಟ ಕಠಿಣವಾಗಿತ್ತು. ಗ್ರೇಡಿಯಸ್ ಆಟವನ್ನು ಮನೆಯ ಯಂತ್ರಕ್ಕೆ ತರುವಾಗ ಕೊನಾಮಿಯ ಕಝುಹಿಸಾ ಹಾಶಿಮೊಟೊ ತಾನೇ ಅದನ್ನು ದಾಟಲಾರದೆ, ಪರೀಕ್ಷೆಗೆಂದು ಒಂದು ಗುಪ್ತ ಗುಂಡಿಸಾಲು ಇಟ್ಟುಕೊಂಡ. ಅದು 1986. ಮೇಲೆ ಮೇಲೆ ಕೆಳಗೆ ಕೆಳಗೆ ಎಂದು ಶುರುವಾಗುವ ಅದೇ ಸಾಲು ಕಾಂಟ್ರಾದಲ್ಲಿ ಮೂವತ್ತು ಜೀವ ಕೊಡುತ್ತದೆ. ತನ್ನ ಕೈ ಸೋತದ್ದನ್ನು ಅವನು ಒಪ್ಪಿಕೊಂಡ. ನಾನು ತಮ್ಮನ ಮಾತನ್ನೂ ಒಪ್ಪಲಿಲ್ಲ.

ಕಳೆದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಆ ಡಬ್ಬಿ ಸಿಕ್ಕಿತು. ಎರಡನೆಯ ರಿಮೋಟು ಬಿಚ್ಚಿದೆ. ಒಳಗೆ ಪ್ರತಿ ಗುಂಡಿಯ ಕೆಳಗೂ ಒಂದು ರಬ್ಬರು, ಅದರ ತುದಿಗೆ ಕರಿ ಬಿಲ್ಲೆ. ಆ ಬಿಲ್ಲೆ ಹಲಗೆಗೆ ತಾಗಿದರಷ್ಟೇ ಕರೆಂಟ್ ಹರಿದು ಆಜ್ಞೆ ಮುಟ್ಟುತ್ತದೆ. ಹಾರುವ ಗುಂಡಿಯ ಬಿಲ್ಲೆ ಅರ್ಧ ಹರಿದಿತ್ತು. ತಮ್ಮ ಒತ್ತಿದ್ದ, ಯಂತ್ರಕ್ಕೆ ಕೇಳಿರಲಿಲ್ಲ.

ಅಪ್ಪ ಬಟ್ಟೆಯಲ್ಲಿ ದೋಷ ಕಂಡಾಗ ಕೆಲಸದವರಿಗೆ ಬೈಯುವ ಮೊದಲು ಮಗ್ಗದ ಕಡೆ ಬಾಗುತ್ತಿದ್ದ. “ಮೊದ್ಲ ಮಗ್ಗ ನೋಡು, ಆಮ್ಯಾಲ ಕೈ ನೋಡು,” ಅನ್ನುತ್ತಿದ್ದ. ಅದೇ ಮನೆಯಲ್ಲಿ ಬೆಳೆದ ನಾನು ರಿಮೋಟು ಬದಲಿಸಿ ನೋಡೋಣ ಎಂದು ಒಂದು ದಿನವೂ ಅನ್ನಲಿಲ್ಲ.

ತಮ್ಮ ಬೀಳಗಿಯಿಂದ ಹಬ್ಬಕ್ಕೆ ಬಂದಿದ್ದ. ರಬ್ಬರು ತೋರಿಸಿದೆ. “ಆವಾಗ್ಲೇ ಹೇಳಿದ್ನಲ್ಲ,” ಅಂದ, ಅಷ್ಟೇ. ಯಂತ್ರ ಇನ್ನೂ ಜೀವಂತವಿತ್ತು. ಮೊದಲನೆಯ ರಿಮೋಟು ಅವನ ಕೈಗೆ ಕೊಟ್ಟು ಎರಡನೆಯದನ್ನು ನಾನು ಹಿಡಿದೆ. ಜಲಪಾತದಲ್ಲಿ ಒತ್ತುತ್ತಲೇ ಇದ್ದೆ, ನನ್ನ ಸೈನಿಕ ಹಾರಲಿಲ್ಲ. ತಮ್ಮ ಒಂದು ಬಂಡೆ ಮೇಲಿದ್ದ. ಮುಂದೆ ಏರದೆ, ಬರುವ ಗುಂಡುಗಳನ್ನು ತಪ್ಪಿಸಿಕೊಳ್ಳುತ್ತ, ಅಲ್ಲೇ ನಿಂತು ಕಾದ.