ಮನೆಯಲ್ಲೇ 'ನೀಮೋ' ಸಾಕುವ ಆಸೆಯೇ? ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಇದು ತಿಳಿದಿರಲಿ

ಕಿತ್ತಳೆ ಮೈಮೇಲೆ ಬಿಳಿ ಪಟ್ಟಿ ಇರುವ ಕ್ಲೌನ್ ಫಿಶ್, 2003ರಲ್ಲಿ ತೆರೆಕಂಡ 'ಫೈಂಡಿಂಗ್ ನೀಮೋ' ಚಿತ್ರದ ಬಳಿಕ ಜಗತ್ತಿನೆಲ್ಲೆಡೆ ಮನೆಮಾತಾಯಿತು. ಇಂತಹ ಬಣ್ಣದ ಸಮುದ್ರ ಮೀನುಗಳು ಈಗ ಮುಂಬೈ, ಚೆನ್ನೈ, ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲೂ ಸಿಗುತ್ತವೆ. ಆದರೆ ಗೋಲ್ಡ್ ಫಿಶ್ ಸಾಕಿದಂತೆಯೇ ಇವನ್ನೂ ಸಾಕಬಹುದು ಎಂದುಕೊಂಡರೆ ಮೀನು ಬದುಕುವುದು ಕಷ್ಟ. ತೊಟ್ಟಿಗೆ ಹವಳವನ್ನೂ ತಂದರೆ ಕಾನೂನಿನ ತೊಡಕು ಬೇರೆ.

ನೀರು ಹೇಗಿರಬೇಕು?

ಅಡುಗೆ ಉಪ್ಪು ಬೆರೆಸಿದ ನೀರು ಸಮುದ್ರದ ನೀರಾಗುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಖನಿಜಗಳಿರುವ ಮರೀನ್ ಸಾಲ್ಟ್ ಬೇಕು. ಇದನ್ನು ಆರ್‌ಒ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಬೇಕು. ಅಂದರೆ 200 ಲೀಟರ್ ತೊಟ್ಟಿಗೆ ಸುಮಾರು 7 ಕೆ.ಜಿ. ಉಪ್ಪು. ಹೈಡ್ರೋಮೀಟರ್‌ನಲ್ಲಿ ಅಳೆದಾಗ ಸಾಂದ್ರತೆ 1.023ರಿಂದ 1.026ರ ನಡುವೆ ಇರಬೇಕು.

ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ನೀರಿನ ಬದಲು ಸಿಹಿನೀರನ್ನೇ ತುಂಬಬೇಕು. ಉಪ್ಪುನೀರು ಸುರಿದರೆ ಉಪ್ಪಿನಂಶ ಏರುತ್ತಲೇ ಹೋಗುತ್ತದೆ. ತೊಟ್ಟಿ ಚಿಕ್ಕದಾದಷ್ಟೂ ಈ ಏರುಪೇರು ಬೇಗ ಆಗುವುದರಿಂದ ಹೊಸಬರಿಗೆ ದೊಡ್ಡ ತೊಟ್ಟಿಯೇ ಸುಲಭ.

ಮೊದಲ ತಿಂಗಳು ಮೀನು ಬೇಡ

ಹೊಸ ತೊಟ್ಟಿಯಲ್ಲಿ ಮೀನು ಸಾಯಲು ಮುಖ್ಯ ಕಾರಣ ಅಮೋನಿಯಾ. ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರದಿಂದ ಇದು ಉಂಟಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತವೆ. ಇವು ಕಲ್ಲು ಮತ್ತು ಫಿಲ್ಟರ್‌ನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯ ತೋರಿಸಿದ ಮೇಲಷ್ಟೇ ಒಂದೆರಡು ಮೀನು ಬಿಡಬೇಕು. ನೈಟ್ರೇಟ್ ತಗ್ಗಿಸಲು ಆಗಾಗ ಸ್ವಲ್ಪ ನೀರು ಬದಲಿಸುತ್ತಿರಬೇಕು.

ಬೇಸಿಗೆ ಮತ್ತು ಪವರ್ ಕಟ್

ಈ ಮೀನುಗಳಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತ. ಚೆನ್ನೈ, ಹೈದರಾಬಾದ್‌ನ ಬೇಸಿಗೆಯಲ್ಲಿ ಚಿಲ್ಲರ್ ಇಲ್ಲದೆ ಇದು ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಕರೆಂಟ್ ಹೋಗಿ ಪಂಪ್ ನಿಂತರೆ ಮೀನುಗಳು ಉಸಿರುಗಟ್ಟಿ ಸಾಯಬಹುದು. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಇಟ್ಟುಕೊಳ್ಳುವುದು ಒಳಿತು.

ಯಾವ ಮೀನು ಸೂಕ್ತ?

ಹೊಸಬರಿಗೆ ಕ್ಲೌನ್ ಫಿಶ್ ಒಳ್ಳೆಯ ಆಯ್ಕೆ. ಇದು ಗಟ್ಟಿ ಮೀನು, ಸೀ ಅನಿಮೋನ್ ಇಲ್ಲದೆಯೂ ಬದುಕುತ್ತದೆ. 'ಡೋರಿ' ಎಂದೇ ಪರಿಚಿತವಾದ ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಪುಟ್ಟದಾಗಿ ಕಂಡರೂ ಸುಮಾರು ಒಂದು ಅಡಿ ಬೆಳೆಯಬಲ್ಲದು; ಮನೆಯ ಸಣ್ಣ ತೊಟ್ಟಿ ಅದಕ್ಕೆ ಸಾಲದು. ಮ್ಯಾಂಡರಿನ್ ಮೀನು ಹೆಚ್ಚಾಗಿ ಜೀವಂತ ಸೂಕ್ಷ್ಮ ಜೀವಿಗಳನ್ನೇ ತಿನ್ನುವುದರಿಂದ ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ.

ಖರೀದಿಸುವಾಗ ಮೀನು ಎಲ್ಲಿಂದ ಬಂತೆಂದು ಕೇಳಬೇಕು. ಮಾರಾಟವಾಗುವ ಸಮುದ್ರ ಮೀನುಗಳಲ್ಲಿ ಹೆಚ್ಚಿನವು ಕಡಲಿನಿಂದಲೇ ಹಿಡಿದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸೈನೈಡ್ ಬಳಸಿ ಮೀನು ಹಿಡಿದದ್ದರಿಂದ ಹವಳದ ದಿಬ್ಬಗಳಿಗೂ ಹಾನಿಯಾಗಿದೆ. ಕ್ಲೌನ್ ಫಿಶ್ ಮರಿ ಮಾಡಿಸುವ ತಂತ್ರಜ್ಞಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮಲ್ಲೇ ಅಭಿವೃದ್ಧಿಪಡಿಸಿದೆ. ಸಾಕಾಣಿಕೆ ಕೇಂದ್ರದಲ್ಲಿ ಹುಟ್ಟಿದ ಮೀನು ತೊಟ್ಟಿಗೆ ಬೇಗ ಹೊಂದಿಕೊಳ್ಳುತ್ತದೆ.

ಹವಳ ಕೊಂಡರೆ ಜೈಲು

ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಅವನ್ನು ಸಮುದ್ರದಿಂದ ತೆಗೆಯುವುದು, ಮಾರುವುದು ಅಪರಾಧ. 3ರಿಂದ 7 ವರ್ಷ ಜೈಲು ಶಿಕ್ಷೆಗೆ ಅವಕಾಶವಿದೆ. ಸತ್ತ ಹವಳದ ತುಂಡಿಗೂ ಇದು ಅನ್ವಯಿಸುತ್ತದೆ. ಸಮುದ್ರಕುದುರೆಗೂ ಇದೇ ಕಾಯ್ದೆಯ ರಕ್ಷಣೆಯಿದೆ. ತೊಟ್ಟಿಯ ಅಲಂಕಾರಕ್ಕೆ ಸೆರಾಮಿಕ್ ಅಥವಾ ಕೃತಕ ಕಲ್ಲು ಸಾಕು; ಬ್ಯಾಕ್ಟೀರಿಯಾ ಅದರಲ್ಲೂ ಬೆಳೆಯುತ್ತದೆ.

ಸಾಕಲಾಗದ ಮೀನನ್ನು ಕಡಲಿಗೆ ಬಿಡುವುದೂ ತಪ್ಪು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಮೂಲದ ಲಯನ್ ಫಿಶ್ ಅಮೆರಿಕದ ಫ್ಲಾರಿಡಾ ಕಡಲಿಗೆ ಸೇರಿದ್ದು ಅಕ್ವೇರಿಯಂಗಳಿಂದಲೇ ಎನ್ನಲಾಗುತ್ತದೆ. ಇಂದು ಅದು ಕೆರಿಬಿಯನ್‌ನ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸುವುದು ಅಥವಾ ಸಾಕಬಲ್ಲ ಬೇರೆಯವರಿಗೆ ಕೊಡುವುದೇ ಸರಿ.